ಅಪ್‌ಡೇಟ್: ಸೈಕಲ್ ಸುರಕ್ಷಿತವಾಗಿ ಶ್ರೀನಗರ ತಲುಪಿತು

ಚಿಕ್ಕಬಳ್ಳಾಪುರದಿಂದ ನನ್ನ ಸೈಕಲ್ಲನ್ನು ಶ್ರೀನಗರಕ್ಕೆ ವಿಮಾನದಲ್ಲಿ ಹೇಗೆ ಒಯ್ಯಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಒಂದು ಗೀರೂ ಇಲ್ಲದೆ ಬಂದಿದೆ!

ಸೈಕಲ್ ಅಂಗಡಿಯವರು ಹಳೇ ರಟ್ಟಿನ ಪೆಟ್ಟಿಗೆ ಸುಮ್ನೆ ಕೊಟ್ಟರು. ಪ್ಯಾಕಿಂಗ್‌ಗೇ ಜಾಸ್ತಿ ಹೊತ್ತು ಬೇಕು. ಎಡ ಪೆಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮಾತ್ರ ಸಡಿಲವಾಗುತ್ತದೆ. ಹಿಂದಿನ ಡಿರೇಲರ್ (ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ) ಬಿಚ್ಚಿ ಬಟ್ಟೆ ಸುತ್ತಿ ಫ್ರೇಮ್ ಒಳಗೆ ಕಟ್ಟಿ. ಮೊದಲು ಬಾಗುವುದೇ ಅದು. ಚಕ್ರ ತೆಗೆದ ಮೇಲೆ ಡಿಸ್ಕ್ ಬ್ರೇಕ್ ಪ್ಯಾಡ್‌ಗಳ ನಡುವೆ ರಟ್ಟಿನ ತುಂಡು ಇಡಿ. ಇಲ್ಲದಿದ್ದರೆ ಲಿವರ್ ಒತ್ತಿದಾಗ ಪ್ಯಾಡ್ ಅಂಟಿಕೊಳ್ಳುತ್ತವೆ. ಟೈರ್ ಗಾಳಿ ಪೂರ್ತಿ ಬಿಡಬೇಡಿ, ಸ್ವಲ್ಪ ಇದ್ದರೆ ರಿಮ್‌ಗೆ ರಕ್ಷಣೆ.

ದೇವನಹಳ್ಳಿ ಏರ್‌ಪೋರ್ಟ್ ನಮಗೆ ಹತ್ತಿರ ಅಲ್ವಾ, ಆದರೂ ಬೇಗ ಹೊರಡಿ. ದೊಡ್ಡ ಪೆಟ್ಟಿಗೆ ಮಾಮೂಲಿ ಬೆಲ್ಟ್‌ನಲ್ಲಿ ಹೋಗುವುದಿಲ್ಲ, ಬೇರೆ ಕಡೆ ಸ್ಕ್ಯಾನ್ ಮಾಡುತ್ತಾರೆ. ಒಂದೇ ಪೆಟ್ಟಿಗೆ 32 ಕಿಲೋ ದಾಟಬಾರದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಇ-ಸೈಕಲ್‌ನ ಬ್ಯಾಟರಿ 160 ವ್ಯಾಟ್-ಅವರ್ ಮೀರಿದರೆ ಪ್ರಯಾಣಿಕರ ವಿಮಾನಕ್ಕೆ ಹತ್ತಿಸುವುದೇ ಇಲ್ಲ.

ಗುಲ್ಮಾರ್ಗ್‌ಗೆ ಸ್ಕೀ (ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಪಟ್ಟಿ) ಒಯ್ಯುವವರು ಎರಡು ಪಟ್ಟಿಗಳನ್ನೂ ಒಟ್ಟಿಗೆ ಬೆಲ್ಟ್‌ನಿಂದ ಬಿಗಿದು, ತುದಿಗಳಿಗೆ ಜಾಕೆಟ್ ಸುತ್ತಿ. ಬೂಟು ಮಾತ್ರ ಕೈಚೀಲದಲ್ಲಿ ಹಿಡಿದರೆ ಅಲ್ಲೇ ಇಡಿ. ಸ್ಕೀ ಬಾಡಿಗೆಗೆ ಸಿಗುತ್ತದೆ, ಕಾಲಿಗೆ ಒಗ್ಗಿದ ಬೂಟು ಸಿಗುವುದು ಕಷ್ಟ.

ವಾಪಸ್ ಬರುವಾಗಲೂ ಇದೇ ಪೆಟ್ಟಿಗೆ ಬೇಕು. ಹೋಟೆಲಿನವರು ಇಟ್ಟುಕೊಳ್ಳಲು ಒಪ್ಪಿದ್ದಾರೆ.