ಸಿಲ್ವರ್ ಸ್ವಿಫ್ಟ್: ಬಾಗಿಲಿಗೆ ಗೀರು, ಬಂಪರ್‌ಗೆ ತರಚು. ಮನೆಯಲ್ಲೇ ಎಷ್ಟು ಸರಿಮಾಡಬಹುದು?

ಮಲ್ಪೆ_ಗಾಳಿ:

ಗಾಡಿ ಮಾರುತಿ ಸ್ವಿಫ್ಟ್, ಪೆಟ್ರೋಲ್, ನಾಲ್ಕು ವರ್ಷದ್ದು. ಬಣ್ಣ ಸಿಲ್ಕಿ ಸಿಲ್ವರ್, ಕೋಡ್ ಝಡ್2ಎಸ್. ನಿಲ್ಲಿಸುವ ಜಾಗ ಸಮುದ್ರಕ್ಕೆ ಹತ್ತಿರ. ಮೂರು ಕಡೆ ಪೆಟ್ಟಿದೆ.

1. ಚಾಲಕನ ಬಾಗಿಲ ಹ್ಯಾಂಡಲ್ ಹಿಂದಿನ ಗುಳಿಯಲ್ಲಿ ಉಗುರು, ಉಂಗುರ ತಾಗಿದ ಸಣ್ಣ ಗೆರೆಗಳು.
2. ಹಿಂದಿನ ಎಡ ಬಾಗಿಲಲ್ಲಿ ಒಂದು ಗೇಣು ಉದ್ದದ ಗೀರು. ಉಗುರು ಆಡಿಸಿದರೆ ತಡೆಯುತ್ತದೆ. ನಡುವೆ ಎರಡು ಇಂಚಿನಷ್ಟು ಬೂದು ಬಣ್ಣ ಕಾಣುತ್ತದೆ, ಒಂದು ಕಡೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ.
3. ಹಿಂದಿನ ಬಂಪರ್ ಮೂಲೆ ಕಾಂಪೌಂಡ್ ಗೋಡೆಗೆ ಉಜ್ಜಿ ಗೋಡೆಯ ಬಿಳಿ ಬಣ್ಣ ಅಂಟಿದೆ. ಎರಡು ಕಡೆ ಕಪ್ಪು ಕಾಣುತ್ತದೆ.

ಯಾವುದನ್ನು ನಾವೇ ಮಾಡಬಹುದು, ಯಾವುದಕ್ಕೆ ಪೇಂಟರ್ ಬೇಕು? ಟೂತ್‌ಪೇಸ್ಟ್ ಹಚ್ಚಿದರೆ ಹೋಗುತ್ತದೆ ಎನ್ನುವವರಿದ್ದಾರೆ. ಝೀರೋ ಡೆಪ್ (ಬಿಡಿಭಾಗಗಳ ಸವಕಳಿಗೆ ಹಣ ಕಡಿಯದ) ಇನ್ಶೂರೆನ್ಸ್ ಇದೆ, ಕ್ಲೇಮ್ ಮಾಡಿದರೆ ಲಾಭವೇ? ಮಳೆ ಹಿಡಿಯುವ ಮುಂಚೆ ಮುಗಿಸಬೇಕು.

ಲ್ಯಾಕರ್_ಲೆಕ್ಕ:

ಡಬ್ಬಿ ತೆರೆಯುವ ಮುಂಚೆ ಗೀರು ಯಾವ ಪದರದವರೆಗೆ ಇಳಿದಿದೆ ಅಂತ ನೋಡಿಕೊಳ್ಳಿ. ತಗಡಿನ ಮೇಲೆ ತುಕ್ಕು ತಡೆಯುವ ಇ-ಕೋಟ್ ಸುಮಾರು 20 ಮೈಕ್ರಾನ್, ಅದರ ಮೇಲೆ ಬೂದು ಪ್ರೈಮರ್ 30ರ ಆಸುಪಾಸು, ಆಮೇಲೆ ಬಣ್ಣ 15, ಎಲ್ಲಕ್ಕಿಂತ ಮೇಲೆ ನಮ್ಮ ಪೇಂಟರ್‌ಗಳು ಲ್ಯಾಕರ್ ಅನ್ನುವ ಕ್ಲಿಯರ್ ಕೋಟ್ 35ರಿಂದ 45. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಉಜ್ಜಲು ನಿಮಗಿರುವ ಬಂಡವಾಳ ಅರ್ಧ ಕೂದಲು. ಅದನ್ನೂ ಪೂರ್ತಿ ಖರ್ಚು ಮಾಡುವಂತಿಲ್ಲ: 8–10 ಮೈಕ್ರಾನ್‌ಗಿಂತ ಹೆಚ್ಚು ತೆಗೆದರೆ ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಅಲ್ಲಿನ ಲ್ಯಾಕರ್ ಮಂಕಾಗಿ, ಸಿಪ್ಪೆ ಏಳತೊಡಗುತ್ತದೆ.

ಆಳ ನೋಡುವುದು ಸುಲಭ. ಗೀರಿನ ಮೇಲೆ ನೀರು ಸವರಿ. ಒದ್ದೆ ಇರುವಷ್ಟು ಹೊತ್ತು ಗೀರು ಮಾಯವಾದರೆ ಅದು ಲ್ಯಾಕರ್‌ನಲ್ಲೇ ನಿಂತಿದೆ, ಉಜ್ಜಿದರೆ ಹೋಗುತ್ತದೆ. ಉಗುರಿಗೆ ತಡೆದರೆ ಬರೀ ಕಾಂಪೌಂಡ್‌ನಿಂದ (ಲ್ಯಾಕರ್ ಉಜ್ಜಿ ನುಣುಪು ಮಾಡುವ ಪೇಸ್ಟ್) ಪೂರ್ತಿ ಹೋಗದು. ಬೂದು ಕಂಡರೆ ಪ್ರೈಮರ್, ಕಂದು ಕಂಡರೆ ತಗಡು ಗಾಳಿಗೆ ತೆರೆದು ತುಕ್ಕು ಶುರುವಾಗಿದೆ. ಬಂಪರ್‌ನಲ್ಲಿ ಕಪ್ಪು ಅಂದರೆ ಪ್ಲಾಸ್ಟಿಕ್, ಅದು ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ನಿಮ್ಮ ಮೂರರಲ್ಲಿ ಅವಸರದ್ದು 2ನೆಯದು ಮಾತ್ರ, ಅದೂ ಆ ಸಾಸಿವೆ ಕಾಳಿನ ಚುಕ್ಕೆ. ಉಪ್ಪುಗಾಳಿಯ ಜಾಗದಲ್ಲಿ ಒಂದು ಮಳೆಗಾಲ ಬಿಟ್ಟರೆ ತುಕ್ಕು ಬಣ್ಣದ ಅಡಿಯಲ್ಲೇ ಹರಡಿ ಗುಳ್ಳೆ ಏಳಿಸುತ್ತದೆ. ಆಮೇಲೆ ಗೀರಿಗೆ ಹಚ್ಚುವ ಟಚ್ ಅಪ್ ಬಣ್ಣದ ಬಾಟಲಿಗೆ ಕೆಲಸವಿಲ್ಲ, ಇಡೀ ಬಾಗಿಲು ಬಣ್ಣಕ್ಕೆ ಹೋಗಬೇಕು.

ಟೂತ್‌ಪೇಸ್ಟ್‌ನಲ್ಲೂ ಉಜ್ಜುವ ಪುಡಿ ಇರುವುದು ನಿಜ. ಆದರೆ ಅದನ್ನು ಅಳೆದಿರುವುದು ಹಲ್ಲಿಗೆ, ಲ್ಯಾಕರ್‌ಗಲ್ಲ. ಕಾಂಪೌಂಡ್‌ನ ಪುಡಿ ಉಜ್ಜುತ್ತಾ ನುಣ್ಣಗಾಗುತ್ತದೆ, ಟೂತ್‌ಪೇಸ್ಟ್ ಒಣಗಿ ಮಂಕು ಬಿಡುತ್ತದೆ. ಕೊಬ್ಬರಿ ಎಣ್ಣೆ, ಡಬ್ಲ್ಯೂಡಿ-40 ಹಚ್ಚಿದಾಗ ಗೀರು ಮಾಯವಾದಂತೆ ಕಾಣುವುದಕ್ಕೂ ಮೇಲಿನ ನೀರಿನ ಪರೀಕ್ಷೆಗೂ ಕಾರಣ ಒಂದೇ. ಸಂದು ತುಂಬಿ ಬೆಳಕು ಚದುರುವುದು ನಿಲ್ಲುತ್ತದೆ, ಎರಡು ಸಲ ತೊಳೆದರೆ ಗೀರು ವಾಪಸ್.

ಹ್ಯಾಂಡಲ್ ಗುಳಿಯ ಕೆಲಸ ಅರ್ಧ ಗಂಟೆಯದು. ಶಾಂಪೂ ನೀರಲ್ಲಿ ತೊಳೆದು ಒಣಗಿಸಿ. ಗುಳಿಗೆ ಮಷಿನ್ ಹೋಗುವುದಿಲ್ಲ, ಬೆರಳಿಗೆ ಮೈಕ್ರೋಫೈಬರ್ ಬಟ್ಟೆ ಸುತ್ತಿಕೊಂಡು ಅವರೆಕಾಳಿನಷ್ಟು ಕಾಂಪೌಂಡ್ ತೆಗೆದುಕೊಳ್ಳಿ (3ಎಂ, ಮೆಗ್ವಯರ್ಸ್, ಯಾವುದಾದರೂ ಸರಿ, ಡಬ್ಬಿಯ ಮೇಲೆ ಕ್ಲಿಯರ್ ಕೋಟ್‌ಗೆ ಆಗುತ್ತದೆ ಎಂದಿರಲಿ). ಹಿಂದೆ ಮುಂದೆ ನೇರ ಗೆರೆಯಲ್ಲಿ 30–40 ಸಲ ಉಜ್ಜಿ, ಒರೆಸಿ, ನೋಡಿ. ಮೂರು ಸುತ್ತಿಗೂ ಹೋಗದ ಗೆರೆಯನ್ನು ಬಿಟ್ಟುಬಿಡಿ. ಕೊನೆಗೆ ನೀರು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್ ಸಮಸಮ ಬೆರೆಸಿ ಒರೆಸಿ ನೋಡಿ. ಕಾಂಪೌಂಡ್‌ನ ಎಣ್ಣೆ ಗೀರಿನಲ್ಲಿ ಕೂತು ಹೋದ ಹಾಗೆ ತೋರಿಸುತ್ತಿದ್ದರೆ ಆಗ ಬಯಲಾಗುತ್ತದೆ. ನೆರಳಲ್ಲಿ ಮಾಡಿ. ತಗಡು ಕೈಗೆ ಬಿಸಿ ತಾಗುತ್ತಿದ್ದರೆ ಕಾಂಪೌಂಡ್ ಉಜ್ಜುವ ಮೊದಲೇ ಒಣಗಿ ಅಂಟುತ್ತದೆ.

ಹುಬ್ಬಳ್ಳಿ_ಬಫ್:

ಮ್ಯಾಲಿನವರು ಹೇಳಿದ್ದು ಖರೆ. ಅದಕ್ಕ ಒಂದು ಸೇರಸ್ತೀನಿ. ಉಜ್ಜೂವಾಗ ಬಿಳೀ ಅರಿವಿ ವಾಪರಸ್ರಿ. ಸಿಲ್ವರ್, ಗ್ರೇದಂಥ ಮೆಟಾಲಿಕ್ ಗಾಡಿಯೊಳಗ ಅರಿವಿಗೆ ಬಣ್ಣ ಹತ್ತಬಾರದು. ಹತ್ತಿತು ಅಂದ್ರ ಲ್ಯಾಕರ್ ಮುಗದು ಬಣ್ಣಕ್ಕ ಇಳದೀರಿ ಅಂತ ಅರ್ಥ, ಅಲ್ಲೇ ಕೈ ನಿಲ್ಲಸ್ರಿ. ಬರೀ ಬಿಳಿ ಇರೋ ಕೆಲವು ಗಾಡಿಗೆ ಲ್ಯಾಕರ್ ಇರಂಗಿಲ್ಲ, ಬಣ್ಣಾನೇ ಮ್ಯಾಲಿನ ಪದರ. ಅಂಥಾದ್ರಾಗ ಅರಿವಿಗೆ ಬಿಳಿ ಹತ್ತೂದು ಸಹಜ, ಅಂಜಬ್ಯಾಡ್ರಿ.

ಮಷಿನ್ ಹಿಡಿಯೋರಿದ್ರ ಬಾಗಿಲದ ಅಂಚಿಗೆ, ಬಾಡಿ ಲೈನ್ ಎದ್ದಿರೋ ಕಡೆ ಮೊದಲ ಮಾಸ್ಕಿಂಗ್ ಟೇಪ್ ಹಚ್ರಿ. ಹಸಿ ಬಣ್ಣ ಚೂಪ ಅಂಚಿನ ಮ್ಯಾಲಿಂದ ಎರಡೂ ಕಡೆ ಸರೀತದ, ಹಿಂಗಾಗಿ ಅಲ್ಲಿ ಲ್ಯಾಕರ್ ತೆಳ್ಳಗ. ರೋಟರಿ ಮಷಿನ್ ಒಂದೇ ಜಾಗಾಕ್ಕ ನಾಕೈದು ಸೆಕೆಂಡ್ ನಿಂತರೂ ಸಾಕು, ಸುಟ್ಟು ಹೋಗ್ತದ. ಹೊಸಬರು ಡಿಎ (ಡ್ಯುಯಲ್ ಆಕ್ಷನ್) ಮಷಿನ್ ತಗೊಳ್ರಿ, ಅದು ತಿರುಗೋದರ ಜೋಡಿ ಅಲುಗಾಡ್ತದ, ಶಾಖ ಕಡಿಮಿ. ಒಂದೂವರಿ ಫೂಟ್ ಚೌಕ ಗುರ್ತು ಮಾಡ್ಕೊಂಡು ನಾಕೈದು ಹನಿ ಕಾಂಪೌಂಡ್ ಹಾಕಿ ಸಾವಕಾಶ ಆಡಸ್ರಿ. ಒಂದು ಗೇಣಿನ ಗೀರಿಗೆ ಇಷ್ಟೆಲ್ಲಾ ಬೇಕಾಗಿಲ್ಲ, ಕೈಯಾಗ ಮಾಡಿದ್ರೂ ನಡೀತದ.

ತುಮಕೂರು_ಗ್ಯಾರೇಜ್:

ಬಂಪರ್ ವಿಷಯಕ್ಕೆ ಬರ್ತೀನಿ. ಬಿಳಿಯಲ್ಲಿ ಮುಕ್ಕಾಲು ಪಾಲು ಗೀರಲ್ಲ, ಗೋಡೆ ಬಣ್ಣ ನಿಮ್ಮ ಲ್ಯಾಕರ್ ಮೇಲೆ ಕೂತಿರೋದು. ಥಿನ್ನರ್ ಮುಟ್ಟಬೇಡಿ. ಕಾರ್ಖಾನೆಯ ಬೇಯಿಸಿದ ಬಣ್ಣ ಸ್ವಲ್ಪ ಹೊತ್ತು ತಡೆದೀತು, ಆದ್ರೆ ಆ ಬಂಪರ್‌ಗೆ ಮೊದಲೇ ಒಮ್ಮೆ ಹೊರಗಡೆ ಪೇಂಟ್ ಆಗಿದ್ರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಅದನ್ನು ಸುಕ್ಕು ಎಬ್ಬಿಸಿ ಬಿಡುತ್ತೆ. ಸೀಮೆಎಣ್ಣೆ ಇಲ್ಲಾ ಟಾರ್ ರಿಮೂವರ್ ಬಟ್ಟೆಗೆ ಹಾಕಿ ಎರಡು ನಿಮಿಷ ಒತ್ತಿಟ್ಟು ಒರೆಸಿ, ಶಾಂಪೂ ಹಾಕಿ ತೊಳೀರಿ, ಉಳಿದದ್ದಕ್ಕೆ ಕಾಂಪೌಂಡ್. ಗೋಡೆ ಮರಳು ಸಿಕ್ಕಿಕೊಂಡಿದ್ರೆ ಮೊದಲು ನೀರು ಬಿಟ್ಟು ತೊಳೆದು ತೆಗೀರಿ, ಇಲ್ಲಾಂದ್ರೆ ಆ ಮರಳಿಂದಲೇ ನೀವು ಬಂಪರ್ ಉಜ್ಜಿದ ಹಾಗಾಗುತ್ತೆ.

ಕಪ್ಪು ಕಾಣೋ ಎರಡು ಕಡೆ ಎದ್ದು ನಿಂತ ಪ್ಲಾಸ್ಟಿಕ್ ಎಳೆಗಳನ್ನು ಬ್ಲೇಡಿಂದ ಸವರಿ ತೆಗೆದು, 800 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಉಪ್ಪುಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು) ಆಡಿಸಿ, ಪ್ಲಾಸ್ಟಿಕ್ ಪ್ರೈಮರ್ ತೆಳ್ಳಗೆ ಒಂದು ಕೋಟ್, ಆಮೇಲೆ ಬಣ್ಣ. ಪ್ಲಾಸ್ಟಿಕ್ ಪ್ರೈಮರ್ ಬಿಟ್ಟರೆ ಬಣ್ಣ ಹಿಡಿಯೋದೇ ಇಲ್ಲ, ಪ್ರೆಷರ್ ವಾಷ್‌ನಲ್ಲಿ ಬಿಲ್ಲೆ ಬಿಲ್ಲೆಯಾಗಿ ಎದ್ದು ಬರುತ್ತೆ. ಬಂಪರ್ ಮೂಲೆ ಹೇಗೂ ಇನ್ನೊಮ್ಮೆ ತಾಗುವ ಜಾಗ, ಅಲ್ಲಿ ಚೆಂದಕ್ಕೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ.

ಬಾಗಿಲಿಗೆ 1500 ನಂಬರ್ ಪೇಪರ್ ಹಾಕಿ ಗೀರಿನ ಅಂಚು ಮಟ್ಟ ಮಾಡಿ, ಬಣ್ಣ ತುಂಬಿ.

ಲ್ಯಾಕರ್_ಲೆಕ್ಕ:

1500 ಬೇಡ. ಗ್ಯಾರೇಜಿನಲ್ಲಿ ಮೇಲೆ ಹೊಸ ಲ್ಯಾಕರ್ ಹೊಡೆಯುತ್ತೀರಿ, ಅದಕ್ಕೆ ನಡೆಯುತ್ತದೆ. ಇಲ್ಲಿ ಸುತ್ತಲಿನ ಹಳೇ ಲ್ಯಾಕರ್ ಹಾಗೇ ಉಳಿಯಬೇಕು. 1500ರ ಗೆರೆ ಅಳಿಸಲು ಕೈಯಲ್ಲಿ ಕಾಂಪೌಂಡ್ ಹಾಕಿ ಉಜ್ಜುತ್ತಾ ಕೂತರೆ ಸಾಕಾಗಿ ಹೋಗುತ್ತದೆ, ಲ್ಯಾಕರ್ ಕೂಡ. ಹಳೇ ಬಣ್ಣ ಮುಟ್ಟದೆ ಗೀರಿನ ಒಳಗೆ ಮಾತ್ರ ಕೆಲಸ ಮಾಡಿ.

ಬೇಕಾದದ್ದು: ಕೋಡ್ ಹೇಳಿ ತಂದ ಟಚ್ ಅಪ್ ಬಣ್ಣ, ಅದರ ಜೊತೆಯ ಲ್ಯಾಕರ್, ಪ್ರೈಮರ್, ಆಲ್ಕೊಹಾಲ್, ಹಲ್ಲುಕಡ್ಡಿ, ಚಿತ್ರ ಬರೆಯುವ 00 ನಂಬರಿನ ಬ್ರಷ್, 600, 2000 ಮತ್ತು 3000 ವಾಟರ್ ಪೇಪರ್.

ತುಕ್ಕಿನ ಚುಕ್ಕೆಯಿಂದ ಶುರು ಮಾಡಿ. 600 ಪೇಪರನ್ನು ಬೆಂಕಿಕಡ್ಡಿಯ ತುದಿಗೆ ಅಂಟಿಸಿ ಕಂದು ಹೋಗಿ ತಗಡು ಹೊಳೆಯುವವರೆಗೆ ಕೆರೆಯಿರಿ. ಸಣ್ಣ ಗುಳಿಯಲ್ಲಿ ಕಪ್ಪು ಉಳಿದರೆ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಒಂದು ಹನಿ ಇಟ್ಟು ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಡಿ. ತುಕ್ಕಿನ ಮೇಲೆಯೇ ಬಣ್ಣ ಹಚ್ಚಿದರೆ ಆರು ತಿಂಗಳಲ್ಲಿ ಅದೇ ಜಾಗದಲ್ಲಿ ಗುಳ್ಳೆ ಎದ್ದೀತು. ಆಲ್ಕೊಹಾಲಿನಿಂದ ಒರೆಸಿ, ತಗಡು ಕಂಡ ಕಡೆ ಮಾತ್ರ ಹಲ್ಲುಕಡ್ಡಿಯ ತುದಿಯಿಂದ ಪ್ರೈಮರ್. ಒಂದು ಗಂಟೆ ಬಿಡಿ.

ಬಣ್ಣದ ಬಾಟಲಿಯನ್ನು ಎರಡು ನಿಮಿಷ ಪೂರ್ತಿ ಕುಲುಕಿ. ಸಿಲ್ವರ್‌ನಲ್ಲಿ ಅಲ್ಯೂಮಿನಿಯಂ ಚೂರುಗಳು ತಳಕ್ಕೆ ಕೂತಿರುತ್ತವೆ. ಕುಲುಕದೆ ಹಚ್ಚಿದ್ದು ಬೂದುನೀರು. ಬಾಟಲಿ ಮುಚ್ಚಳದಲ್ಲಿ ಬರುವ ಬ್ರಷ್ ಗೀರಿಗಿಂತ ನಾಲ್ಕು ಪಟ್ಟು ಅಗಲ, ಅದನ್ನು ಬಳಸಬೇಡಿ. 00 ಬ್ರಷ್‌ನಲ್ಲಿ ಗೀರಿನ ಒಳಗೆ ಎಳೆಯಿರಿ, ತೆಳ್ಳಗೆ, ನಡುವೆ ಅರ್ಧ ಗಂಟೆ ಬಿಟ್ಟು ಎರಡು ಅಥವಾ ಮೂರು ಸಲ. ಅಂಚಿನ ಮಟ್ಟಕ್ಕಿಂತ ಒಂದಿಷ್ಟು ಕೆಳಗೇ ನಿಲ್ಲಿಸಿ, ಲ್ಯಾಕರ್‌ಗೆ ಜಾಗ ಬೇಕು. ಮರುದಿನ ಲ್ಯಾಕರ್ ಎರಡು ಮೂರು ಪದರ, ಈ ಸಲ ಮಟ್ಟಕ್ಕಿಂತ ತುಸು ಎತ್ತರ.

ಇಲ್ಲಿ ಬಹಳ ಜನ ಎಡವುತ್ತಾರೆ: ಲ್ಯಾಕರ್ ಹಾಕುವ ಮುಂಚೆಯೇ ಸಿಲ್ವರ್ ಬಣ್ಣವನ್ನು ಪೇಪರಿನಿಂದ ಮಟ್ಟ ಮಾಡಹೊರಡುತ್ತಾರೆ. ಮಲಗಿದ್ದ ಅಲ್ಯೂಮಿನಿಯಂ ಚೂರು ಕೆರೆದು ಕಪ್ಪು ಕಲೆಯಾಗುತ್ತದೆ, ಮತ್ತೆ ಮೊದಲಿನಿಂದ. ಮೆಟಾಲಿಕ್‌ನಲ್ಲಿ ಪೇಪರ್ ಆಡಿಸುವುದು ಲ್ಯಾಕರ್ ಮೇಲೆ ಮಾತ್ರ.

ಒಂದು ವಾರ ಮುಟ್ಟಬೇಡಿ. ಆಮೇಲೆ 2000 ಪೇಪರ್ ತುಂಡನ್ನು ಶಾಲೆ ಮಕ್ಕಳ ರಬ್ಬರಿಗೆ ಸುತ್ತಿ, ಒಂದು ಹನಿ ಶಾಂಪೂ ಬೆರೆಸಿದ ನೀರಲ್ಲಿ ಅದ್ದಿ, ಎದ್ದ ಗೆರೆಯ ಮೇಲಷ್ಟೇ ಹಗುರಾಗಿ ಆಡಿಸಿ. ಬೆರಳಿನಿಂದ ಒತ್ತಿದರೆ ಗೆರೆಯ ಪಕ್ಕದ ಹಳೇ ಲ್ಯಾಕರ್ ಮೊದಲು ಸವೆಯುತ್ತದೆ, ಅದಕ್ಕೇ ರಬ್ಬರ್. ಹತ್ತು ಸಲ ಆಡಿಸಿ ಒರೆಸಿ ನೋಡಿ. ಸುತ್ತಲೂ ಒಂದೇ ಸಮ ಮಂಕಾಗಿ ಗೆರೆ ಮಾತ್ರ ಹೊಳೆಯುತ್ತಿದ್ದರೆ ಅದು ಇನ್ನೂ ತಗ್ಗಿನಲ್ಲಿದೆ, ಎಲ್ಲವೂ ಮಂಕಾದರೆ ಮಟ್ಟಕ್ಕೆ ಬಂತು. ನಂತರ 3000, ಆಮೇಲೆ ಕಾಂಪೌಂಡ್, ಕೊನೆಗೆ ಪಾಲಿಶ್.

ಮಲ್ಪೆ_ಗಾಳಿ:

ತಿಳಿಯಿತು ಸರ್. ಎರಡು ಸಂಶಯ. ಟಚ್ ಅಪ್ ಸಿಲ್ವರ್ ಒಣಗಿದ ಮೇಲೆ ಒಂದು ಛಾಯೆ ಕಪ್ಪಾಗಿ ಕಾಣುತ್ತದೆ ಎನ್ನುತ್ತಾರೆ, ಕೋಡ್ ಸರಿ ಇದ್ದರೂ ಹೀಗೇಕೆ? ಇಲ್ಲಿ ಮೇ ತಿಂಗಳ ಸೆಕೆಯಲ್ಲಿ ಲ್ಯಾಕರ್ ಸರಿಯಾಗಿ ಒಣಗುತ್ತದೆಯೇ?

ತುಮಕೂರು_ಗ್ಯಾರೇಜ್:

ಕೋಡ್ ತಪ್ಪಿರಲ್ಲ. ಕಾರ್ಖಾನೆಯಲ್ಲಿ ಗನ್ನಿಂದ ಹೊಡೆದಾಗ ಚೂರುಗಳು ಚಪ್ಪಟೆಯಾಗಿ ಒಂದೇ ಕಡೆ ಮಲಗ್ತವೆ, ಕನ್ನಡಿ ಥರ ಬೆಳಕು ವಾಪಸ್ ಕೊಡ್ತವೆ. ಬ್ರಷ್‌ನಲ್ಲಿ ಹಚ್ಚಿದಾಗ ಅಡ್ಡಾದಿಡ್ಡಿ ನಿಲ್ತವೆ. ಅದಕ್ಕೇ ಒಂದು ಕೋನದಲ್ಲಿ ಕಪ್ಪು, ಇನ್ನೊಂದು ಕೋನದಲ್ಲಿ ಸರಿ. ಸಿಲ್ವರ್‌ನಲ್ಲಿ ಇದಕ್ಕೆ ಔಷಧಿ ಇಲ್ಲ, ತೆಳ್ಳಗೆ ಹಚ್ಚಿದಷ್ಟೂ ವ್ಯತ್ಯಾಸ ಕಡಿಮೆ. ಮೂರಡಿ ದೂರದಿಂದ ಕಾಣದಿದ್ರೆ ಗೆದ್ದಿರಿ ಅಂದ್ಕೊಳ್ಳಿ. ಇನ್ನೂ ಚೆನ್ನಾಗಿ ಬೇಕು ಅಂದ್ರೆ ಬಾಗಿಲು ಪೂರ್ತಿ ಪೇಂಟ್ ಬೂತ್‌ನಲ್ಲಿ ಹೊಡೆಸಬೇಕು, ಪಕ್ಕದ ಪ್ಯಾನೆಲ್‌ಗೂ ಬಣ್ಣ ಮಂಜಿನ ಹಾಗೆ ಹಾಯಿಸಿ ಬೆರೆಸಬೇಕು. ಬೆರೆಸದೆ ಒಂದೇ ಬಾಗಿಲು ಹೊಡೆದ ಸಿಲ್ವರ್ ಗಾಡಿಯನ್ನು ರಸ್ತೆಯ ಆಚೆ ಕಡೆಯಿಂದಲೇ ಗುರುತು ಹಿಡೀಬಹುದು.

ಸೆಕೆ ಸಮಸ್ಯೆ ಅಲ್ಲ, ತೇವ ಸಮಸ್ಯೆ. ಥಿನ್ನರ್ ಆರುವಾಗ ಲ್ಯಾಕರ್ ತಣ್ಣಗಾಗುತ್ತೆ, ತೇವದ ಗಾಳಿಯಲ್ಲಿ ನೀರು ಅದರ ಮೇಲೆ ಕೂತು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತೆ. ಕರಾವಳಿಯಲ್ಲಿ ಬೆಳಗ್ಗೆ, ಸಂಜೆ ಬೇಡ. ಹನ್ನೊಂದರಿಂದ ಮೂರರ ಒಳಗೆ, ನೆರಳಲ್ಲಿ. ಬೆಳ್ಳಗಾದ್ರೆ ಹೇರ್ ಡ್ರೈಯರ್ ಒಂದಡಿ ದೂರದಿಂದ ಹಿಡಿದು ನೋಡಿ, ಹಸಿ ಇರುವಾಗಲೇ ಆದ್ರೆ ಬಹುಪಾಲು ತಿಳಿಯಾಗುತ್ತೆ.

ಹಾರ್ಡನರ್ ಬೆರೆಸುವ 2ಕೆ ಲ್ಯಾಕರ್ ಸ್ಪ್ರೇ ತಂದು ಮನೆ ಶೆಡ್ಡಲ್ಲಿ ಹೊಡೀಬೇಡಿ. ಅದರ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಅದನ್ನು ತಡೆಯಲ್ಲ.

ಪಾಲಿಸಿ_ಪುಟ:

ಇನ್ಶೂರೆನ್ಸ್ ಲೆಕ್ಕ ಯಾರೂ ಹೇಳಲಿಲ್ಲ. ಝೀರೋ ಡೆಪ್ ಇದ್ದರೂ ಕಡ್ಡಾಯ ಕಡಿತ (ನೀವೇ ಕೈಯಿಂದ ಕೊಡಬೇಕಾದ ಪಾಲು) ಇದ್ದೇ ಇದೆ, 1500 ಸಿಸಿವರೆಗಿನ ಖಾಸಗಿ ಕಾರಿಗೆ ಒಂದು ಕ್ಲೇಮ್‌ಗೆ 1,000 ರೂಪಾಯಿ. ಬಾಗಿಲು, ಬಂಪರ್ ಬೇರೆ ಬೇರೆ ಸಲ ಆದ ಪೆಟ್ಟು ಎಂದು ವಿಮೆಯ ಸರ್ವೇಯರ್‌ಗೆ ಕಂಡರೆ ಎರಡು ಕ್ಲೇಮ್, ಎರಡು ಕಡಿತ.

ದೊಡ್ಡ ನಷ್ಟ ನೋ ಕ್ಲೇಮ್ ಬೋನಸ್‌ನಲ್ಲಿ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಲ್ಲಿ. ಅದು 20, 25, 35, 45, 50 ಶೇಕಡಾ ಹೀಗೆ ಏರುತ್ತದೆ, ಕ್ಲೇಮ್ ಮಾಡಿದರೆ ಸೊನ್ನೆ. ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ಹಾನಿಯ) ಪ್ರೀಮಿಯಂ 8,000, ಮುಂದಿನ ನವೀಕರಣಕ್ಕೆ ನಿಮಗೆ 35 ಸಿಗಬೇಕಿತ್ತು ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡಿದರೆ ಆ ವರ್ಷ 2,800 ಹೋಯಿತು. ಅದರ ಮುಂದಿನ ವರ್ಷ 45ರ ಬದಲು 20, ಅಂದರೆ 2,000. ಅದರಾಚೆ 50ರ ಬದಲು 25, ಮತ್ತೆ 2,000. ಕಡಿತವೂ ಸೇರಿ ಮೂರು ವರ್ಷಕ್ಕೆ 7,800. ಪೇಂಟರ್ ಕೊಟ್ಟ ಅಂದಾಜು ಇದಕ್ಕಿಂತ ಕಡಿಮೆ ಇದ್ದರೆ ಕೈಯಿಂದ ಕೊಡುವುದೇ ಲೇಸು. ನಿಮ್ಮ ಪಾಲಿಸಿಯಲ್ಲಿ ಎನ್‌ಸಿಬಿ ಪ್ರೊಟೆಕ್ಟ್ (ಕ್ಲೇಮ್ ಮಾಡಿದರೂ ಬೋನಸ್ ಉಳಿಸುವ ಹೆಚ್ಚುವರಿ ಕವರ್) ಇದೆಯೇ ನೋಡಿ, ಇದ್ದರೆ ಲೆಕ್ಕ ತಿರುಗುತ್ತದೆ.

ಮಲ್ಪೆ_ಗಾಳಿ:

ಪ್ರೊಟೆಕ್ಟ್ ಇಲ್ಲ, ಹಾಗಾದರೆ ಕ್ಲೇಮ್ ಬಿಟ್ಟೆ. ಬಣ್ಣ ಹಚ್ಚಿದ ಮೇಲೆ ವ್ಯಾಕ್ಸ್ ಯಾವಾಗ ಹಾಕಬಹುದು? ಹ್ಯಾಂಡಲ್ ಗುಳಿಗೆ ಅಂಟಿಸುವ ಪಾರದರ್ಶಕ ಫಿಲ್ಮ್ ಕೆಲಸಕ್ಕೆ ಬರುತ್ತದೆಯೇ?

ಲ್ಯಾಕರ್_ಲೆಕ್ಕ:

ಫಿಲ್ಮ್ ಹಾಕಿ, ಆದರೆ ಕಾಂಪೌಂಡ್ ಎಣ್ಣೆಯನ್ನು ಆಲ್ಕೊಹಾಲಿನಿಂದ ಪೂರ್ತಿ ತೆಗೆದ ಮೇಲೆ, ಇಲ್ಲದಿದ್ದರೆ ಅಂಚು ಏಳುತ್ತದೆ. ಗುಳಿ ಬಟ್ಟಲಿನಂತೆ ಬಾಗಿರುವುದರಿಂದ ನೀರಿಲ್ಲದೆ ಒಣದಾಗಿ ಅಂಟಿಸಿದ ಫಿಲ್ಮ್ ಸುಕ್ಕಾಗುತ್ತದೆ. ಶಾಂಪೂ ನೀರು ಸಿಂಪಡಿಸಿ, ತೇಲಿಸಿ ಕೂರಿಸಿ, ನಡುವಿನಿಂದ ಹೊರಕ್ಕೆ ನೀರು ಒತ್ತಿ ತೆಗೆಯಿರಿ.

ಟಚ್ ಅಪ್ ಮಾಡಿದ ಕಡೆ 30 ದಿನ ವ್ಯಾಕ್ಸ್ ಬೇಡ, ಒಳಗಿನ ಥಿನ್ನರ್ ಹೊರಬರಬೇಕು. ನೀರು ತಾಗಿದರೆ ತೊಂದರೆಯಿಲ್ಲ, ಪ್ರೆಷರ್ ಗನ್ ಮಾತ್ರ ಆ ಜಾಗಕ್ಕೆ ನೇರ ಹಿಡಿಯಬೇಡಿ. ಮೂರು ನಾಲ್ಕು ವಾರ ಕಳೆದು ನೋಡಿದಾಗ ಮಟ್ಟ ಮಾಡಿದ್ದ ಗೆರೆ ಮತ್ತೆ ಸಣ್ಣ ತಗ್ಗಾಗಿ ಕಂಡರೆ ಕೆಲಸ ಕೆಟ್ಟಿತು ಅಂದುಕೊಳ್ಳಬೇಡಿ. ಥಿನ್ನರ್ ಆರಿದಂತೆ ಲ್ಯಾಕರ್ ಕುಗ್ಗುತ್ತದೆ. ಹಲ್ಲುಕಡ್ಡಿಯಲ್ಲಿ ಇನ್ನೊಂದು ಹನಿ ಇಟ್ಟು, ಇನ್ನೊಂದು ವಾರ ಬಿಟ್ಟು, 3000ದಿಂದಷ್ಟೇ ಮಟ್ಟ ಮಾಡಿ.