ಪದಚರ್ಚೆ: ‘ಪುನರ್ವಸತಿ’ ಬದಲು ‘ಆರಾಮ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಕೊಪ್ಪಳದಿಂದ ಬರೆಯುತ್ತಿದ್ದೇನೆ. ಮಾಜಿ ಸೈನಿಕರಿಗೆ, ಅವರ ಮನೆಯವರಿಗೆ ಹಂಚಲು ನಾವು ನಾಲ್ಕೈದು ಜನ ಸೇರಿ ಒಂದು ಕರಪತ್ರ ಮಾಡುತ್ತಿದ್ದೇವೆ. ಕುಡಿತ ಬಿಡಬೇಕಾದರೆ, ರಾತ್ರಿ ನಿದ್ದೆ ಬಾರದಿದ್ದರೆ, ಮನಸ್ಸಿಗೆ ತ್ರಾಸಾದರೆ ಯಾರನ್ನು ಕೇಳಬೇಕು ಅನ್ನೋದು ಅದರಲ್ಲಿರುತ್ತದೆ. ‘ಪುನರ್ವಸತಿ’ ಅನ್ನೋ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ನಮ್ಮ ಕಡೆ ಪುನರ್ವಸತಿ ಅಂದರೆ ಮೊದಲು ನೆನಪಾಗೋದು ಮುಳುಗಡೆ. 1953ರಲ್ಲಿ ತುಂಗಭದ್ರಾ ಡ್ಯಾಮಿಗೆ ನೀರು ನಿಂತಾಗ ಊರು ಬಿಟ್ಟು ಬಂದ ಮನೆತನಗಳು ಇಲ್ಲಿ ಬೇಕಾದಷ್ಟಿವೆ. ಅವರ ಪಾಲಿಗೆ ಆ ಪದ ಅಂದರೆ ಜಾಗ, ಮನೆ, ಪರಿಹಾರ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಹೆಸರಲ್ಲೂ ಅದೇ ಪದ ಇದೆ, ಅಲ್ಲಿ ಸೇವೆ ಮುಗಿಸಿ ಬಂದವರಿಗೆ ಹೊಸ ಬದುಕು ಕಟ್ಟಿಕೊಳ್ಳಲು ನೆರವು ಅಂತ ಅರ್ಥ. ಕುಡಿತ ಬಿಡಿಸುವ ಕೇಂದ್ರಗಳ ಬೋರ್ಡಿನಲ್ಲಿ ಮತ್ತೆ ಅದೇ. ಕರಡು ಓದಿ ಹೇಳಿದಾಗ ಅಜ್ಜಿಯೊಬ್ಬರು “ಸೈಟು ಕೊಡ್ತಾರೇನಪಾ?” ಅಂತ ಕೇಳಿದರು. ಅವರ ಮಗ 17 ವರ್ಷ ಮಿಲ್ಟ್ರಿಯಲ್ಲಿದ್ದು ಬಂದವನು, ಈಗ ಕುಡಿದು ಮಲಗಿರುತ್ತಾನೆ. ಯಾರಿಗೆ ಮುಟ್ಟಬೇಕಿತ್ತೋ ಅವರಿಗೇ ಮುಟ್ಟಲಿಲ್ಲ.

‘ರಿಕವರಿ’ ಅಂತಲೇ ಇಡೋಣ ಅಂದರೆ ಹಳ್ಳಿಯಲ್ಲಿ ಅದು ಸಾಲ ವಸೂಲಿಗೆ ಬಾಗಿಲಿಗೆ ಬರುವವರ ಮಾತು. ‘ಚೇತರಿಕೆ’ ಒಳ್ಳೆಯ ಪದ, ಆದರೆ ಪೇಪರಿನಲ್ಲಿ ಷೇರುಪೇಟೆ ಚೇತರಿಸಿಕೊಳ್ಳುತ್ತದೆ, ನಮ್ಮ ಮನೆಗಳಲ್ಲಿ ಯಾರೂ ಹಾಗೆ ಅನ್ನೋದಿಲ್ಲ.

ನಮ್ಮ ಕಾಕಾ ಕೂಡ ಮಾಜಿ ಸೈನಿಕರು. ಊರ ಹೊರಗಿನ ಕ್ವಾರಿಯಲ್ಲಿ ಮದ್ದು ಹಾರಿಸಿದಾಗ ಅವರು ಉಣ್ಣುತ್ತಿದ್ದರೆ ಎರಡೂ ಕೈಯಿಂದ ತಟ್ಟೆಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾರೆ. ಸದ್ದು ಅಡಗಿ ಎಷ್ಟೋ ಹೊತ್ತಾದ ಮೇಲೆ ಬೆರಳು ಸಡಿಲಾಗುತ್ತವೆ, ಆಮೇಲೆ ರೊಟ್ಟಿ ಮುರಿಯುತ್ತಾರೆ. ಮೊದಲು ಮಿಲ್ಟ್ರಿ ಕ್ಯಾಂಟೀನಿನಲ್ಲಿ ಸಿಗುವ ಮದ್ಯದ ಕೋಟಾ ತಿಂಗಳಿಗೆ ಸಾಲದೆ ಹೊರಗೂ ಕೊಂಡು ಕುಡಿಯುತ್ತಿದ್ದರು. ಬಿಟ್ಟು ಒಂದೂವರೆ ವರ್ಷವಾಯಿತು. ಯಾರಾದರೂ ಕೇಳಿದರೆ ಅವರ ಹೆಂಡತಿ, ನಮ್ಮ ಕಾಕು, “ಈಗ ಆರಾಮ ಅದಾರ್ರೀ” ಅನ್ನುತ್ತಾರೆ. ಗುಣವಾಯಿತು ಅಂತ ಒಮ್ಮೆಯೂ ಅಂದಿಲ್ಲ.

ಈ ಪದ ನನ್ನ ಮನಸ್ಸಿಗೆ ಹಿಡಿಸಿತು. ನಮ್ಮಲ್ಲಿ ಎದುರು ಸಿಕ್ಕವರನ್ನು ಕೇಳೋದು “ಆರಾಮರೀ?” ಅಂತ, ಜ್ವರ ಬಂದರೆ ಹೇಳೋದು “ಆರಾಮ ಇಲ್ಲ” ಅಂತ. ಮೈಗೂ ಹೊಂದುತ್ತದೆ, ಮನಸ್ಸಿಗೂ ಹೊಂದುತ್ತದೆ. ಇವತ್ತು ಆರಾಮ, ನಾಳೆ ಇಲ್ಲ, ನಾಡಿದ್ದು ಮತ್ತೆ ಆರಾಮ ಆಗಬಹುದು, ಕುಡಿತ ಬಿಟ್ಟವರ ದಿನಗಳು ಹಾಗೇ ಅಲ್ವಾ? ಅದಲ್ಲದೆ ಸೈನ್ಯದ ಕವಾಯತಿನಲ್ಲಿ ‘ಸಾವಧಾನ್’, ‘ವಿಶ್ರಾಮ್’ ಆದಮೇಲೆ ‘ಆರಾಮ್ ಸೇ’ ಅನ್ನೋ ಹುಕುಂ ಇದೆ, ಮೈ ಸಡಿಲ ಬಿಡು ಅಂತ. ವರ್ಷಗಟ್ಟಲೆ ಅದನ್ನು ಕೇಳಿದ ಕಿವಿಗೆ ಈ ಪದ ಬೇರೆಯೇ ಥರ ಕೇಳಿಸಬಹುದು.

ನನ್ನ ಅನುಮಾನ ಇಷ್ಟು. ಮೈಸೂರು ಕಡೆ ‘ಆರಾಮಾಗಿ’ ಅಂದರೆ ನಿಧಾನವಾಗಿ, ಸುಖವಾಗಿ ಅಂತ. ಅಲ್ಲಿಯವರು ‘ಆರಾಮ ಆಗಲು’ ಅಂತ ಓದಿದರೆ ಕಾಲು ಚಾಚಿ ಕೂರೋದು ಅಂತ ತಿಳಿಯುತ್ತಾರಾ? ಶಿವಮೊಗ್ಗ, ಚಾಮರಾಜನಗರ ಕಡೆ ಕಾಯಿಲೆ ವಾಸಿಯಾದವರಿಗೆ ಏನನ್ನುತ್ತೀರಿ?

‘ಚಟ’ವನ್ನು ಪೂರ್ತಿ ಕೈಬಿಟ್ಟಿದ್ದೇನೆ, ಅದು ಬೈಗುಳ. ‘ವ್ಯಸನ’ ಇರಲಿ ಅನಿಸುತ್ತದೆ, ವ್ಯಸನಪಡೋದು ಅಂದಾಗ ಅದರೊಳಗೆ ದುಃಖವೂ ಇದೆ. ಯುದ್ಧದಂಥ ಭೀಕರ ಅನುಭವದ ನೆನಪು ಬಿಡದೆ ಕಾಡುವ ಕಾಯಿಲೆಗೆ ಡಾಕ್ಟರರು ಪಿಟಿಎಸ್‌ಡಿ ಅನ್ನುತ್ತಾರೆ. ಅದಕ್ಕೆ ಮೊದಲ ಮಹಾಯುದ್ಧದ ಕಾಲದಲ್ಲಿ ‘ಶೆಲ್ ಶಾಕ್’ ಅನ್ನುತ್ತಿದ್ದರು, ಈಗಿನ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರು ಪಟ್ಟು ಹಿಡಿದ ಮೇಲೆ. ‘ಆಘಾತೋತ್ತರ ಒತ್ತಡ’ ಅಂದರೆ ನಮ್ಮ ಓದುಗರಿಗೆ ತಿಳಿಯೋದಿಲ್ಲ, ಸದ್ಯಕ್ಕೆ ‘ಕಂಡದ್ದು ಬಿಡದೆ ಕಾಡೋದು’ ಅಂತ ಬರೆದಿದ್ದೇನೆ. ಸರಿ ಕಾಣದಿದ್ದರೆ ತಿದ್ದಿ.

ತಲೆಬರಹ ಹೀಗಿದೆ: ‘ಕುಡಿತ ಬಿಟ್ಟು ಆರಾಮ ಆಗಲು ಯಾರನ್ನು ಕೇಳಬೇಕು?’ ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಒಂದು ಸಲ ಬಿಟ್ಟವರು ಮತ್ತೆ ಕುಡಿದರೆ ಅದಕ್ಕೆ ‘ಮರುಕಳಿಸುವುದು’ ಅಂತ ಬರೆಯಲೋ, ಕಾಕು ಅನ್ನುವಂತೆ ‘ಕಾಲು ಜಾರೋದು’ ಅಂತ ಬರೆಯಲೋ, ಅದನ್ನೂ ಹೇಳಿ. ಸೋಮವಾರ ಪ್ರೆಸ್ಸಿಗೆ ಕೊಡಬೇಕು.