ಪುಲಿಗೆರೆಯ ‘ಪುಲಿ’ ನಿಜಕ್ಕೂ ಹುಲಿಯೇ?

ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆ ಹೆಸರಿಸುವ ಊರು ಇದು. ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡ ಎಂದು ಪಂಪನೂ ಹೇಳಿಕೊಂಡ. ಈಗ ಹೋದರೆ ಹತ್ತಿ, ಶೇಂಗಾ, ಜೋಳ, ಮೆಣಸಿನಕಾಯಿ ಬೆಳೆಯುವ ಎರೆಹೊಲಗಳ ನಡುವಿನ ಸಾಧಾರಣ ಪೇಟೆ.

ಹೆಸರನ್ನು ಬಿಡಿಸುವವರು ಪುಲಿ ಅಂದರೆ ಹುಲಿ, ಗೆರೆ ಅಂದರೆ ಕೆರೆ, ಹುಲಿಗಳು ನೀರಿಗೆ ಬರುತ್ತಿದ್ದ ಕೆರೆ ಎಂದು ಮುಗಿಸಿಬಿಡುತ್ತಾರೆ. ಪಾಲು ಹಾಲಾದಂತೆ, ಪಾನುಂಗಲ್ಲು ಹಾನಗಲ್ಲಾದಂತೆ ಪುಲಿಗೆರೆ ಹುಲಿಗೆರೆಯಾಯಿತು. ಅಷ್ಟರ ಮಟ್ಟಿಗೆ ತಕರಾರಿಲ್ಲ. ‘ಗೆರೆ’ ಕೆರೆಯೇ ಎಂಬುದರಲ್ಲೂ ಅನುಮಾನವಿಲ್ಲ. ನನ್ನ ತೊಡಕಿರುವುದು ಅದಕ್ಕೆ ಮುಂಚೆ ಬರುವ ‘ಪುಲಿ’ಯಲ್ಲಿ.

8ನೆಯ ಶತಮಾನದ ಮೊದಲ ಭಾಗದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಈ ಊರಿನ ಮಹಾಜನರಿಗೆ, ನಗರಕ್ಕೆ (ಅಂದರೆ ವರ್ತಕರ ಕೂಟಕ್ಕೆ), ಹದಿನೆಂಟು ಪ್ರಕೃತಿಗಳಿಗೆ (ಪ್ರಜಾವರ್ಗಗಳಿಗೆ) ಒಂದು ಆಚಾರವ್ಯವಸ್ಥೆ, ಅಂದರೆ ನಡೆದುಕೊಳ್ಳುವ ಕಟ್ಟಳೆ, ಕೊಟ್ಟ. ಮನೆಮನೆಯವರೂ ಶಕ್ತಿಗೆ ತಕ್ಕಂತೆ ತೆರಬೇಕಾದ ತೆರಿಗೆಯನ್ನೂ ಹೇಳುವ ಅಪರೂಪದ ಕನ್ನಡ ಶಾಸನ ಅದು. ಅದರಲ್ಲಿ ಊರಿನ ಹೆಸರು ‘ಪೊರಿಗೆರೆ’. ಪುಲಿ ಅಲ್ಲ, ಪೊರಿ!

ಇದೇ ಊರಿನ ಜೈನ ಗುಡಿಯಾದ ಶಂಖಬಸದಿಯ ಸಂಸ್ಕೃತ ದಾನಶಾಸನಗಳಲ್ಲಿ ‘ಪುಲಿಕರನಗರ’ ಇದೆಯಲ್ಲ ಎನ್ನಬಹುದು. ಅವು ಹೇಳುವ ಕಾಲ ಚಾಲುಕ್ಯರದು, ಆದರೆ ಕಲ್ಲಿಗೆ ಏರಿದ್ದು 10ನೆಯ ಶತಮಾನದಲ್ಲಿ. ಹಳೆಯ ರೂಪಕ್ಕೆ ಅವುಗಳ ಸಾಕ್ಷಿ ನಡೆಯುವುದಿಲ್ಲ.

ಮುಂದೆ ಇ, ಉ ಬಂದಾಗ ಹಿಂದಿನ ಒ ಕನ್ನಡದಲ್ಲಿ ಉ ಆಗುತ್ತದೆ. ತಮಿಳಿನ ಪೊಡಿ ನಮ್ಮಲ್ಲಿ ಪುಡಿ. ಹಾಗಾದರೆ ಪೊರಿಗೆರೆ ಪುರಿಗೆರೆಯಾಗುವುದು ಸಹಜ, ಮುಂದಿನ ಶಾಸನಗಳಲ್ಲಿ ‘ಪುರಿಗೆರೆ ಮುನ್ನೂರು’ ಎಂಬ ನಾಡಿನ ಹೆಸರು ಧಾರಾಳವಾಗಿ ಸಿಗುತ್ತದೆ ಕೂಡ. ಹುಲಿಯ ಪುಲಿಗೋ ತಮಿಳಿನಲ್ಲೂ ಉಕಾರವೇ. ಅದರಿಂದ ಹಿಮ್ಮುಖವಾಗಿ ಪೊರಿಗೆ ಹೋಗಬೇಕಾದರೆ ಶಾಸನ ಬರೆದವನು ಉಕಾರಕ್ಕೆ ಒಕಾರ, ಲಕಾರಕ್ಕೆ ರಕಾರ ಎರಡನ್ನೂ ಒಂದೇ ಹೆಸರಿನಲ್ಲಿ ತಪ್ಪಿರಬೇಕು. ಅರಸುಮಗನ ಕಟ್ಟಳೆ ಕೊರೆಯುವವನು ಊರಿನ ಹೆಸರಿನಲ್ಲೇ ಅಷ್ಟು ಎಡವುತ್ತಾನೆಯೇ? ಅರ್ಥ ಮಸುಕಾದ ‘ಪುರಿ’ಗೆ ಜನ ಪರಿಚಿತ ಹುಲಿಯನ್ನು ತಂದು ಕೂರಿಸಿದರು, ಕವಿರಾಜಮಾರ್ಗದ ಹೊತ್ತಿಗೆ ಅದು ಬರಹದಲ್ಲೂ ನಿಂತಿತು ಎಂಬುದು ನನ್ನ ಊಹೆ. (ಲಕ್ಷ್ಮೇಶ್ವರ ಎಂಬುದು ಬೇರೆಯೇ ಕಥೆ. 11ನೆಯ ಶತಮಾನದ ಮಂಡಳಿಕ ಲಕ್ಷ್ಮರಸನಿಗೆ ಅದನ್ನು ಗಂಟುಹಾಕುವವರಿದ್ದಾರೆ. ಈಗಿನ ಉತ್ಸವಕ್ಕೆ ಹುಲಿಗೆರೆ ಎನ್ನದೆ ‘ಪುಲಿಗೆರೆ ಉತ್ಸವ’ ಎಂದೇ ಹೆಸರಿಟ್ಟಿದ್ದಾರೆ, ಪಕಾರಕ್ಕೆ ಮರುಜನ್ಮ.)

ಈಗ ಪ್ರಶ್ನೆ. ಆ ‘ಪೊರಿ’ ಏನು? ಹುರಿಯುವ ಹುರಿ ಕೆರೆಗೆ ಹೊಂದುವುದಿಲ್ಲ. ಹಗ್ಗದ ಹುರಿಯಿಂದ ಏನಾದರೂ ಹೊರಡುತ್ತದೆಯೇ, ಅಥವಾ ಅದು ಗಿಡವೋ ಹಕ್ಕಿಯೋ ಇದ್ದೀತೇ? ಪೊರಿ, ಪುರಿ, ಹುರಿ ಎಂದು ಶುರುವಾಗುವ ಬೇರೆ ಊರು, ಹಳ್ಳ, ಹೊಲಗಳ ಹೆಸರು ನಿಮ್ಮ ಕಡೆ ಇದ್ದರೆ ತಿಳಿಸಿ. ಶಿರಹಟ್ಟಿ, ಸವಣೂರು ಸೀಮೆಯ ಹಿರಿಯರ ಬಾಯಲ್ಲಿ ‘ಹುರಿಗೆರೆ’ ಎಂಬ ರೂಪ ಕೇಳಿದವರಿದ್ದರಂತೂ ತಪ್ಪದೆ ಬರೆಯಿರಿ.